ಒಂಬತ್ತು ಹೆಸರಿನ ಪಟ್ಟಿ

ಮಾರ್ಚ್ 3, ಭಾನುವಾರ

ನಾನು ಬರೆದ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಹನ್ನೆರಡು ಜನರ ಕೈಗೆ ಕೊಟ್ಟು ಇವತ್ತಿಗೆ ಮೂರು ವಾರ. ಬಂದಿರುವ ಅಭಿಪ್ರಾಯ ಮೂರು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿಡುತ್ತೇನೆ. ಈ ಡೈರಿಯನ್ನು ನಾನಲ್ಲದೆ ಇನ್ಯಾರು ಓದಬೇಕು?

ಮದ್ದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಸಿದ್ದರಾಜು ಹೆಬ್ಬೆರಳಿನ ಚಿತ್ರ ಒಂದನ್ನು ಕಳಿಸಿ ಸುಮ್ಮನಾಗಿದ್ದಾನೆ. ಮಳವಳ್ಳಿಯಲ್ಲಿ ಪಾಠ ಹೇಳುವ ಚಂದನ, 'ವೆಬ್ ಪುಟ ಕಟ್ಟೋದು ಕನ್ನಡದಲ್ಲಿ! ಹೆಮ್ಮೆ ಸರ್!' ಎಂದು ಬರೆದಳು. ಎಷ್ಟನೇ ಪಾಠದಲ್ಲಿದ್ದೀಯಮ್ಮ ಎಂದು ಕೇಳಿದೆ. 'ಮುನ್ನುಡಿ ಮುಗೀತು ಸರ್' ಎಂದಳು. ಮೂರನೆಯವರು ನಮ್ಮೂರು ಹೊಳಲಿನ ನಾಗರಾಜು ಮೇಷ್ಟ್ರು, ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಮೂವತ್ತೊಂದನೆಯ ಪುಟದಲ್ಲಿ ಒಂದು ಕಾಮಾ ತಪ್ಪಿದೆ ಎಂದು ಮಧ್ಯಾಹ್ನ ಫೋನ್ ಮಾಡಿದರು. ಊಟ ಅರ್ಧಕ್ಕೆ ಬಿಟ್ಟು ಎದ್ದು ಕಂಪ್ಯೂಟರ್ ಮುಂದೆ ಕೂತೆ. ನಿಜ, ತಪ್ಪಿತ್ತು. ತಿದ್ದಿ, ಅವರಿಗೆ ಫೋನ್ ಮಾಡಿ ನಾಲ್ಕು ಸಲ ಧನ್ಯವಾದ ಹೇಳಿ, ತಟ್ಟೆಯ ಹತ್ತಿರ ಬರುವಷ್ಟರಲ್ಲಿ ಮುದ್ದೆ ಆರಿಹೋಗಿತ್ತು.

ಇಪ್ಪತ್ತು ವರ್ಷ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳಿದ್ದೇನೆ. ಇಂಗ್ಲಿಷ್ ಅಂದರೆ ಬೆವರುವ ಮಕ್ಕಳೂ ತಾವೇ ಕೂತು ಕಲಿಯಲಿ ಎಂದು ಎರಡು ವರ್ಷ ಕಷ್ಟಪಟ್ಟು ಬರೆದೆ. ಈಗ ಪ್ರೆಸ್ಸಿನ ಸ್ವಾಮಿ ಮೊದಲ ಪುಟವನ್ನು 'ಓದುಗರ ಮೆಚ್ಚುಗೆ' ಎಂದು ತಲೆಬರಹ ಹಾಕಿ ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಾರೆ.

ನಯನ ಪಾತ್ರೆ ಎತ್ತುತ್ತಾ, "ಆ ಎಬ್ಬೆಟ್ಟಿನ ಚಿತ್ರಾನೇ ದೊಡ್ಡದು ಮಾಡ್ಸಿ ಹಾಕ್ಸ್‌ಬುಡಿ ಕಣ್ರೀ, ಪುಟ ತುಂಬ್ತದೆ" ಎಂದಳು. ಹೆಂಡತಿಯ ಮುಂದೆ ಯಾರೂ ಗ್ರಂಥಕರ್ತರಲ್ಲ.

ಮಾರ್ಚ್ 8, ಶುಕ್ರವಾರ

ಶಿವರಾತ್ರಿ ರಜೆ. ಇವತ್ತು ಒಂದು ಮೆಸೇಜು ಬಂತು, ಅದೂ ತಲೆ ಕೆಡಿಸುವಂಥದ್ದು. ಕೆರಗೋಡಿನ ಆಚೆ ಒಂದು ಹಳ್ಳಿಯ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಮಾಡುವ ಹುಡುಗಿಯೊಬ್ಬಳು ಯಾರ ಕೈಯಿಂದಲೋ ಪ್ರತಿ ಇಸಕೊಂಡಿದ್ದಾಳೆ. ನಾನು ಕೊಟ್ಟ ಹನ್ನೆರಡು ಜನರಲ್ಲಿ ಅವಳಿಲ್ಲ. ಇದ್ದ ಹಾಗೇ ಇಳಿಸುತ್ತೇನೆ:

'ನಮಸ್ತೆ ಸರ್, ನಾನು ಶಾಲಿನಿ. ಎಂಟನೇ ಪಾಠದ ಸರದಿ ಕರೆಯೋ ಪುಟ ಮಾಡ್ದೆ. ಹನ್ನೆರಡು ಹೆಸರು ಹಾಕ್ದೆ. ಒಂದಾದ ಮೇಲೆ ಹತ್ತು ಬರ್ತಾ ಇದೆ ಸರ್. ಆಮೇಲೆ ಹನ್ನೊಂದು, ಹನ್ನೆರಡು, ಆಮೇಲೆ ಎರಡು. ಯಾಕೆ ಸರ್?'

ಎಂಟನೇ ಪಾಠ ಪುಸ್ತಕದ ಕಿರೀಟ. ನಂಬರು, ಹೆಸರು ತುಂಬಿಸಿ 'ಮುಂದಿನವರು' ಎಂಬ ಗುಂಡಿ ಒತ್ತಿದರೆ ಯಾರ ಸರದಿಯೋ ಅವರ ಹೆಸರು ಪರದೆಯ ತುಂಬ ದೊಡ್ಡದಾಗಿ ಕಾಣುತ್ತದೆ. ಉದಾಹರಣೆಗೆ ನಮ್ಮ ಮನೆಯ ಒಂಬತ್ತು ಜನರ ಹೆಸರನ್ನೇ ಹಾಕಿದ್ದೇನೆ, ಅಪ್ಪನಿಂದ ಹಿಡಿದು ಅಣ್ಣನ ಮಗ ಅಪ್ಪುವಿನವರೆಗೆ. ಹತ್ತು ಸಲ ಓಡಿಸಿ ನೋಡಿದ ಪಾಠ ಅದು. ನಾನು ಹೀಗೆ ಉತ್ತರಿಸಿದೆ:

'ಪುಸ್ತಕದಲ್ಲಿರುವ ಹಾಗೆ ಒಂದಕ್ಷರ ಬಿಡದೆ ಬರೆಯಿರಿ. ಮೊದಲು ಹೇಳಿದ್ದನ್ನು ಮಾಡುವುದು ಕಲಿಯಿರಿ. ಸ್ವಂತ ತಲೆ ಓಡಿಸುವುದಕ್ಕೆ ನಿಮಗೆ ಇನ್ನೂ ಸಮಯವಿದೆ.'

ಮೂಗುದಾರ ಹಾಕಬೇಕಾದರೆ ಮೊದಲ ದಿನವೇ ಹಾಕಬೇಕು. ಇಲ್ಲದಿದ್ದರೆ ದಿನಕ್ಕೆ ಹತ್ತು ಪ್ರಶ್ನೆ ಬರುತ್ತವೆ.

ಮಾರ್ಚ್ 10, ಭಾನುವಾರ

ಆ ಹುಡುಗಿಯ ಉತ್ತರ: 'ಪುಸ್ತಕದಲ್ಲಿ ಇರೋ ಒಂಬತ್ತು ಹೆಸರೇ ಹಾಕಿ ಮೊದಲಿಂದ ಬರೆದೆ ಸರ್. ಸರಿಯಾಗಿ ಬಂತು. ತಪ್ಪು ನಂದೇ. ಕ್ಷಮಿಸಿ.'

ನೋಡಿದೆಯಾ, ಎಂದೆ ನಯನಳಿಗೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ನೋಡಲಿಲ್ಲ.

ಮಾರ್ಚ್ 27, ಬುಧವಾರ

ಖುಷಿ! ಪುಸ್ತಕ ಊರಿಗೆ ಇಳಿಯಿತು!

ಶಾಲಿನಿ ಎಂಬ ಆ ಹುಡುಗಿ ಎಂಟನೇ ಪಾಠವನ್ನು ತಮ್ಮೂರಿನ ಬಾಡಿನ ಚೀಟಿಗೆ ಬಳಸುತ್ತಾಳಂತೆ. ಉದ್ದಕ್ಕೆ ಬರೆದಿದ್ದಾಳೆ. ನಲವತ್ತೆಂಟು ಮನೆಯವರು ವರ್ಷವಿಡೀ ವಾರ ವಾರ ಚೀಟಿ ಕಟ್ಟಿದ್ದಾರೆ. ಯುಗಾದಿಯ ಮಾರನೆ ದಿನ, ಹೊಸತೊಡಕಿಗೆ, ಮರಿ ಕಡಿದು ಮಾಂಸವನ್ನು ನಲವತ್ತೆಂಟು ಗುಡ್ಡೆ ಹಾಕುತ್ತಾರೆ. ಸರದಿ ಬಂದವರು ತಮಗೆ ಬೇಕಾದ ಗುಡ್ಡೆ ಆರಿಸಿಕೊಳ್ಳಬಹುದು. ಮೊದಲೆಲ್ಲ ಮೇಲಿನ ಬೀದಿಯವರು ಆರಿಸಿಕೊಂಡು ಮಿಕ್ಕಿದ್ದು ಇವರ ಬೀದಿಗೆ ಬರುತ್ತಿತ್ತಂತೆ. ಈ ಸಲ ಅವಳೇ ಪಟ್ಟು ಹಿಡಿದು, ಯಾರು ಮೊದಲು ಹೆಸರು ಬರೆಸಿದರೋ ಅವರಿಗೆ ಮೊದಲ ನಂಬರು ಎಂದು ಒಪ್ಪಿಸಿದ್ದಾಳೆ. ಅವರ ಬೀದಿಯ ಐದು ಮನೆಯವರು ಮೊದಲ ದಿನವೇ ಹೋಗಿ ಐದರಿಂದ ಒಂಬತ್ತರವರೆಗೆ ನಂಬರು ಹಿಡಿದಿದ್ದಾರೆ. ಒಂಬತ್ತು ಅವಳ ತಾಯಿಯದು. 'ಕೈಬರಹದ ಪಟ್ಟಿ ಆದರೆ ಯಾರಾದರೂ ಹಿಂದೆ ಮುಂದೆ ಮಾಡ್ತಾರೆ ಸರ್. ಕಂಪ್ಯೂಟರಿಗೆ ಯಾರ ಬೀದಿ ಯಾವುದು ಅಂತ ಗೊತ್ತಿರಲ್ಲ' ಎಂದು ಬರೆದಿದ್ದಾಳೆ.

ಎಂಥಾ ಮಾತು! ಇದನ್ನೇ ಮೊದಲ ಪುಟಕ್ಕೆ ಹಾಕುತ್ತೇನೆ, ಎರಡು ಸಾಲು ಮೆಚ್ಚುಗೆ ಸೇರಿಸಿ ಕಳಿಸಮ್ಮ ಎಂದೆ. ಹತ್ತು ನಿಮಿಷದಲ್ಲಿ ಕಳಿಸಿದಳು. ಸ್ವಾಮಿಗೆ ಆಗಲೇ ಮುಟ್ಟಿಸಿಬಂದೆ.

ಏಪ್ರಿಲ್ 10, ಬುಧವಾರ

ಹೊಸತೊಡಕು. ಹೊಳಲಿನಲ್ಲಿ ಅಣ್ಣನ ಮನೆಯಲ್ಲಿ ಊಟ. ನಾಗರಾಜು ಮೇಷ್ಟ್ರೂ ಬೀದಿಯಲ್ಲಿ ಸಿಕ್ಕಿ ಪುಸ್ತಕ ಯಾವಾಗ ಎಂದರು. ಮೇ ಮೊದಲ ವಾರ ಬಿಡುಗಡೆ, ನಮ್ಮ ಪ್ರಿನ್ಸಿಪಾಲರದೇ ಅಧ್ಯಕ್ಷತೆ ಎಂದೆ. ಹೊಟ್ಟೆ ಭಾರ, ಇಷ್ಟು ಸಾಕು.

ಏಪ್ರಿಲ್ 11, ಗುರುವಾರ

ಬೆಳಿಗ್ಗೆ ಶಾಲಿನಿಯ ಮೆಸೇಜು: 'ಸರ್, ಮೊದಲನೇ ಪುಟದಿಂದ ನನ್ನ ಹೆಸರು ತೆಗೆದುಬಿಡಿ. ಪುಸ್ತಕಕ್ಕೆ ಒಳ್ಳೇದಾಗಲಿ.'

ಪುಟ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಇದೆಂಥ ವರಸೆ ಎಂದು ಸಿಟ್ಟಿನಲ್ಲೇ ಫೋನ್ ಮಾಡಿದೆ. ಮೊದಲು ಏನೂ ಇಲ್ಲ ಸಾರ್ ಅಂದಳು. ಬಿಡದೆ ಕೇಳಿದಾಗ ಹೇಳಿದಳು.

"ನಿಮ್ಮ ಪುಸ್ತಕದಲ್ಲೇನೂ ತಪ್ಪಿಲ್ಲ ಸಾರ್. ನಾನೇ ಎಲ್ಲೋ ಕೆಡಿಸ್ಬುಟ್ಟೆ. ಒಂಬತ್ತು ಎಸ್ರಿಗೆ ಸರಿಯಾಗಿ ಬಂತಲ್ಲ ಅಂತ ಪೂರ್ತಿ ಓಡ್ಸಿ ನೋಡ್ನಿಲ್ಲ. ಚೀಟಿ ನಡೆಸೋ ಪುಟ್ಟರಾಜಣ್ಣನ ಫೋನಿಗೆ ಆ ಪುಟ ಹಾಕ್ಕೊಟ್ಟು, ನಾನು ಮನೇಲಿ ಮಸಾಲೆ ಅರೀತಿದ್ದೆ. ಅವ್ರು ಗುಂಡಿ ಒತ್ತವ್ರೆ, ಬಂದ ಎಸ್ರು ಕೂಗವ್ರೆ. ನಮ್ಮ ಬೀದಿ ಐದು ಮನೇವ್ರೂ ಕಡೀಗೆ ಬಂದ್ರು ಸಾರ್. ಐದು ಮನೇನೂ. ನಮ್ಮವ್ವ ಎಲ್ರಿಗಿಂತ ಕಡೀಗೆ."

"ನಡುವೆ ಯಾರೂ ಕೇಳಲಿಲ್ಲವೇ?"

"ಕೇಳುದ್ರಂತೆ. ಪಟ್ಟಿ ಮಾಡಿರೋಳು ನಿಮ್ಮ ಶಾಲಿನಿನೇ ಕಣ್ರವ್ವ, ಅವ್ಳನ್ನೇ ಕೇಳ್ಕೊಳಿ ಅಂದ್ರಂತೆ." ಆಮೇಲೆ ಮನೆಯ ಮಾತಿಗೆ ಬಂದಳು. "ನಮ್ಮ ದೊಡ್ಡಪ್ಪ ಚಿಕ್ಕಬೋರಯ್ಯಂದು ಐದ್ನೆ ನಂಬ್ರು. ನಿನ್ನೆಯಿಂದ ನನ್ನ ಮಾತಾಡಿಸ್ತಿಲ್ಲ ಸಾರ್. ಪಂಚಾಯ್ತಿ ಕುರ್ಚಿ ಸಿಕ್ತು, ಮೇಲ್ನೋರ ಕಡೀಕೆ ಸೇರ್ಕೊಂಡ್ಲು ಅಂತಾವ್ರೆ."

ಫೋನಿಟ್ಟು ಕಂಪ್ಯೂಟರ್ ತೆರೆದೆ. ನನ್ನ ಪುಸ್ತಕದ ಪುಟ, ನನ್ನ ಪಟ್ಟಿ, ನಮ್ಮ ಮನೆಯ ಒಂಬತ್ತು ಹೆಸರು. ಹತ್ತನೆಯ ಹೆಸರು ಬೇಕಿತ್ತು. ಶಾಲಿನಿ ಎಂದು ಹಾಕಿದೆ. ಗುಂಡಿ ಒತ್ತಿದೆ, ಅಪ್ಪನ ಹೆಸರು ಬಂತು. ಮತ್ತೆ ಒತ್ತಿದೆ. ಎರಡನೆಯವರು ನಮ್ಮ ತಾಯಿ, ಸಣ್ಣತಾಯಮ್ಮ ಎಂದು ಬರಬೇಕಿತ್ತು. ಪರದೆಯ ತುಂಬ ಶಾಲಿನಿ ಎಂದು ಬಂತು.

ಪಟ್ಟಿಯ ನಂಬರುಗಳು ಬರೀ ಅಕ್ಷರವಲ್ಲ, ಸಂಖ್ಯೆಗಳು ಎಂದು ಕಂಪ್ಯೂಟರಿಗೆ ನಾನು ಹೇಳಿಯೇ ಇಲ್ಲ. ನಿಘಂಟಿನಲ್ಲಿ ಪದಗಳನ್ನು ಮೊದಲಕ್ಷರ ನೋಡಿ ಜೋಡಿಸುವ ಹಾಗೆ ಅದು ಮೊದಲ ಅಂಕಿ ನೋಡಿ ಜೋಡಿಸುತ್ತಿದೆ. ಹತ್ತರಲ್ಲಿ ಮೊದಲು ಒಂದಿದೆ, ಹಾಗಾಗಿ ಅದು ಎರಡಕ್ಕಿಂತ ಮುಂದೆ. ನಲವತ್ತೆಂಟರವರೆಗೆ ಬರೆದು ನೋಡಿದರೆ ಕೊನೆಯಲ್ಲಿ ಉಳಿಯುವುದು ಐದು, ಆರು, ಏಳು, ಎಂಟು, ಒಂಬತ್ತು. ಒಂಬತ್ತರ ಒಳಗೇ ಇದ್ದರೆ ತಪ್ಪು ಎಂದೂ ಕಾಣಿಸುವುದಿಲ್ಲ. ಎರಡನೇ ಸೆಮಿಸ್ಟರಿನ ಹುಡುಗರಿಗೆ ವರ್ಷ ವರ್ಷ ನಾನೇ ಬೋರ್ಡಿನ ಮೇಲೆ ಬರೆದು ಎಚ್ಚರಿಸುವ ತಪ್ಪು ಇದು. ನನ್ನ ಮುಖ ನನಗೇ ನೋಡಲಾಗಲಿಲ್ಲ.

ಏಪ್ರಿಲ್ 12, ಶುಕ್ರವಾರ

ಒಂದೇ ಸಾಲು ತಿದ್ದಿದರೆ ಸರಿಹೋಗುತ್ತದೆ. ತಿದ್ದಿದೆ. ಸ್ವಾಮಿಯ ಪ್ರೆಸ್ಸಿಗೆ ಹೋಗಿ ಆ ಪುಟ ಬದಲಾಯಿಸಿ ಬಂದೆ. ಶಾಲಿನಿಯ ಮೆಚ್ಚುಗೆಯನ್ನೂ ತೆಗೆಸಿದೆ. ಪುಸ್ತಕ ಈಗ ಸರಿಯಾಗಿದೆ. ಯಾರೂ ಕಂಡುಹಿಡಿಯುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಯನಳಿಗೆ ಹೇಳಿದೆ, ಎಲ್ಲ ಅಲ್ಲ, ಅರ್ಧ. ಅವಳು ಫೋನ್ ಇಸಕೊಂಡು ಮೆಸೇಜುಗಳನ್ನು ಮೇಲಿಂದ ಕೆಳಗೆ ಓದಿದಳು.

"ಶಿವರಾತ್ರಿ ದಿನಾನೇ ಏಳವ್ಳಲ್ರೀ ಇವ್ಳು."

"ಹೂಂ."

"ಹತ್ತು ಮೊದ್ಲು ಬತ್ತದೆ ಅಂತ ಬಿಡಿಸಿ ಬಿಡಿಸಿ ಬರ್ದವ್ಳೆ. ನೀವು ನೋಡ್ನೇ ಇಲ್ವಾ?"

ನಾನು ಸಾರಿನ ಪಾತ್ರೆಗೆ ಕೈ ಚಾಚಿದೆ.

"ಇಲ್ ನೋಡಿ, ನಿಮ್ಗೇ ಕ್ಷಮಿಸಿ ಅಂದವ್ಳೆ. ಯಾವ್ ಕರ್ಮಕ್ಕೆ?" ಫೋನನ್ನು ನನ್ನ ಪಕ್ಕ ಇಟ್ಟು ಎದ್ದು ಹೋದಳು. ಒಂದು ಗೇಲಿ ಮಾಡಿದ್ದರೂ ಹಗುರಾಗುತ್ತಿತ್ತು. ಮಾಡಲಿಲ್ಲ.

ಏಪ್ರಿಲ್ 13, ಶನಿವಾರ

ಕಾಲೇಜಿಗೆ ಹೋದೆ, ಬಂದೆ. ಎರಡು ಸಲ ನಂಬರು ಒತ್ತಿ ರಿಂಗಾಗುವ ಮೊದಲೇ ಕತ್ತರಿಸಿದೆ.

ನಾಗರಾಜು ಮೇಷ್ಟ್ರ ಕಾಮಾ ನೆನಪಾಗುತ್ತಿದೆ. ಅವರು ಹೇಳಿದಾಗ ಎಂಜಲು ಕೈ ತೊಳೆದುಕೊಂಡು ಓಡಿದ್ದೆ. ಮೇಷ್ಟ್ರು ನಮ್ಮೂರವರು, ನಮ್ಮವರು. ಅವರ ಮಾತನ್ನು ನೋಡದೆ ತಳ್ಳಿಹಾಕಬಹುದು ಎಂದು ನನಗೆ ತೋಚುವುದೇ ಇಲ್ಲ. ಇವಳ ಮಾತನ್ನು ನೋಡಬೇಕು ಎಂದು ತೋಚಲಿಲ್ಲ. ಅವಳು ಯಾವ ಬೀದಿಯವಳು ಎಂದು ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಪೂರ್ತಿ ಗೊತ್ತಿರಲಿಲ್ಲ, ನಿಜ. ಆದರೆ ಮೇಷ್ಟ್ರಲ್ಲ ಎಂಬುದು ಗೊತ್ತಿತ್ತು, ಅಷ್ಟೇ ಸಾಕಾಯಿತು.

ಏಪ್ರಿಲ್ 14, ಭಾನುವಾರ

ಹೋಗಿ ಬಂದೆ.

ಸ್ಕೂಟರಿನಲ್ಲಿ ಕೆರಗೋಡು ದಾಟಿ ಆ ಊರು ಮುಟ್ಟುವಾಗ ಹನ್ನೊಂದು ಗಂಟೆ. ಶಾಲಿನಿಯ ಬೀದಿಗೆ ನೀಲಿ ಬಾವುಟ ಕಟ್ಟಿದ್ದರು, ಅಂಬೇಡ್ಕರ್ ಜಯಂತಿ. ಕಾಲೇಜಿಗೆ ರಜೆ ಬರುವ ದಿನಗಳೆಲ್ಲ ನನಗೆ ಬಾಯಿಪಾಠ. ಈ ಸಲ ಭಾನುವಾರ ಬಿದ್ದು ರಜೆ ಹೋಯಿತು ಎಂದು ಸ್ಟಾಫ್ ರೂಮಿನಲ್ಲಿ ನಾನೂ ಗೊಣಗಿದ್ದೆ. ಆದರೂ ಹೊರಡುವಾಗ ನೆನಪಿಗೆ ಬರಲಿಲ್ಲ. ಅವರ ಹಬ್ಬದ ದಿನ ನನ್ನ ಭಾರ ಇಳಿಸಿಕೊಳ್ಳಲು ಹೋಗಿ ನಿಂತೆ. ಯಾರೋ ಕೈಗೆ ಪಾನಕದ ಲೋಟ ಕೊಟ್ಟರು.

ಪುಟ್ಟರಾಜುವನ್ನು ಮೇಲಿನ ಬೀದಿಯ ಟೀ ಅಂಗಡಿಯಿಂದ ನಾನೇ ಕರೆದುಕೊಂಡು ಬಂದಿದ್ದೆ. ಅವರು ಎದುರಿಗೆ ಇದ್ದರೇ ನಾನು ಹೇಳುವ ಮಾತು ಊರಲ್ಲಿ ನಿಲ್ಲುವುದು ಎನ್ನಿಸಿತ್ತು. "ನಾನು ಗುಂಡಿ ಒತ್ದೆ ಅಷ್ಟೆಯಾ ಸಾ. ಅದು ತೋರ್ಸಿದ್ ಎಸ್ರು ಕೂಗ್ದೆ. ಜನ ಮೈ ಮೇಲ್ ಬೀಳ್ತಿದ್ರು, ನಂಬ್ರು ಯಾವನ್ ನೋಡ್ತಾನೆ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಪುಟದಲ್ಲಿ ಹೆಸರು ಮಾತ್ರ ಕಾಣಲಿ, ನಂಬರು ಕಂಡರೆ ಅಂದ ಕೆಡುತ್ತದೆ ಎಂದು ಪುಸ್ತಕದಲ್ಲಿ ಬರೆದವನು ನಾನೇ.

ಶಾಲಿನಿಯವರು ಮನೆ ಮುಂದೆ ಇದ್ದರು. ನಾನು ಅಂದುಕೊಂಡಷ್ಟು ಚಿಕ್ಕವರಲ್ಲ. ಜಗುಲಿಯಲ್ಲಿ ಅವರ ತಾಯಿ ಬೆಳ್ಳಮ್ಮ, ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಚಿಕ್ಕಬೋರಯ್ಯ, ಇನ್ನೂ ಏಳೆಂಟು ಜನ. ಸ್ಕೂಟರಿನ ಮೇಲೆ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ತಪ್ಪು ಪುಸ್ತಕದ್ದು, ಪುಸ್ತಕ ನನ್ನದು, ಶಾಲಿನಿಯವರು ಅದರಲ್ಲಿದ್ದ ಹಾಗೇ ಮಾಡಿದ್ದಾರೆ ಎಂದಷ್ಟೇ ಹೇಳಿದೆ.

"ನಿಮ್ಗೆ ಗೊತ್ತಿರ್ನಿಲ್ವಾ ಸ್ವಾಮಿ?" ಎಂದು ಬೆಳ್ಳಮ್ಮ ಕೇಳಿದರು.

"ಒಂದು ತಿಂಗಳ ಮೊದಲೇ ನಿಮ್ಮ ಮಗಳು ಹೇಳಿದ್ದರು. ನಾನು ನೋಡಲಿಲ್ಲ."

ಚಿಕ್ಕಬೋರಯ್ಯ ತಿರುಗಿ ನೋಡಿದರು, ನನ್ನನ್ನಲ್ಲ, ಶಾಲಿನಿಯವರನ್ನು. "ಅಂಗಾರೆ ನೀನು ಏಳಿದ್ಯೇನವ್ವ?" ಎಂದರು. ಶಾಲಿನಿಯವರು ತಲೆಯಾಡಿಸಿದರು. ಆ ಮುದುಕ ಎದ್ದು ಬಂದು ಜಗುಲಿಯ ಮೇಲೆ ಅವರ ಪಕ್ಕ ಕೂತರು.

"ಯಾಕ್ ನೋಡ್ನಿಲ್ಲ?" ಬೆಳ್ಳಮ್ಮ ಬಿಡಲಿಲ್ಲ. ನಿನ್ನೆ ಡೈರಿಯಲ್ಲಿ ಬರೆದದ್ದು ನಾಲಿಗೆಗೆ ಬರಲಿಲ್ಲ. ಅವರೇ ಮುಂದುವರಿಸಿದರು.

"ಐದ್ ಗಂಟೆಗೇ ಓಗಿದ್ದೆ ಕಣಪ್ಪ. ಒಂಬತ್ನೆ ನಂಬ್ರು ಅಂತ ಬಾಂಡ್ಲಿ ಇಡ್ಕೊಂಡು ಮುಂದ್ಕೇ ನಿಂತ್ಕಂಡೆ. ನಮ್ಮವ್ವ ಆ ಕತ್ತಾಳೆ ಬೇಲಿ ತಾವ ನಿಂತ್ಕತಿದ್ಲು, ಕರ್ದಾಗ ಬತ್ತಿದ್ಲು. ನಾನು ಮುಂದ್ಕೆ ನಿಂತ್ಕಂಡೆ. ಎಸ್ರು ಕೂಗುದ್ರು, ಕೂಗುದ್ರು. ಬಂದೋರ್ಗೆ ದಾರಿ ಬುಡ್ಬೇಕಲ್ಲ, ಒಂದೆಜ್ಜೆ ಇಂದಕ್ ಸರುದ್ರೆ, ಇನ್ನೊಂದೆಜ್ಜೆ. ಕಡೀಗ್ ತಿರ್ಗಿ ನೋಡ್ತೀನಿ, ಅದೇ ಬೇಲಿ ತಾವ ನಿಂತಿವ್ನಿ."

ಪುಟ್ಟರಾಜು ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದರು. "ಮೇಲ್ನೋರ್ಗೂ ನಾನೇ ಏಳ್ತೀನಿ ಬುಡಿ, ಶಾಲಿನಿದೇನೂ ಇಲ್ಲ ಅಂತ" ಎಂದರು. ಅಷ್ಟಕ್ಕೆ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ದೊಡ್ಡ ಮನುಷ್ಯನಾಗುವ ಆಸೆ ಹೋಗುತ್ತದೆಯೇ? ಪುಸ್ತಕದಲ್ಲಿ ಬೆಳ್ಳಮ್ಮನವರ ಹೆಸರು ಹಾಕಿ ಈ ಸಂಗತಿಯನ್ನೆಲ್ಲ ಬರೆಯುತ್ತೇನೆ, ಅವರಿಗೇ ಅರ್ಪಿಸುತ್ತೇನೆ ಎಂದೆ.

"ಬ್ಯಾಡ ಸ್ವಾಮಿ" ಎಂದರು ಬೆಳ್ಳಮ್ಮ. "ಕಡೀಗ್ ನಿಂತಿದ್ದೋಳು ಅಂತ ಪುಸ್ತಕದಲ್ ಬ್ಯಾರೆ ನಿಲ್ಲಿಸ್ಬ್ಯಾಡಿ ನನ್ನ."

ಹಾಗಾದರೆ ನಾನೇನು ಮಾಡಲಿ ಎಂದು ಶಾಲಿನಿಯವರನ್ನು ಕೇಳಿದೆ. ಅವರು ಮೊದಲೇ ಯೋಚಿಸಿಟ್ಟಿದ್ದ ಹಾಗೆ ಹೇಳಿದರು:

"ಮೊದಲನೇ ಪುಟ ಖಾಲಿ ಐತಲ್ಲ ಸಾರ್. ಶಿವರಾತ್ರಿ ದಿನ ನಾನು ಕಳಿಸಿದ್ ಮೆಸೇಜು ಹಾಕಿ. ಅದ್ರ ಕೆಳಗೆ ನೀವು ಕೊಟ್ಟ ಉತ್ರ ಹಾಕಿ."

"ಉತ್ತರವನ್ನೂ?"

"ಅದೇ ಬೇಕಾಗಿರೋದು ಸಾರ್. ನನ್ನಂಗೆ ಯಾರಾರ ಕೇಳಿ, ಅಂಥ ಉತ್ರ ಬಂದ್ರೆ, ತಪ್ಪು ನಂದೇ ಅಂತ ಕೂತ್ಕೋಬಾರ್ದು ನೋಡಿ."

ಪಾನಕದ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು. ಆಗಲಿ ಎಂದೆ.

ಏಪ್ರಿಲ್ 17, ಬುಧವಾರ

ಆಗಲಿ ಎನ್ನುವುದು ಸುಲಭ. ಮೂರು ದಿನದಿಂದ ಆ ಪುಟದ ಮುಂದೆ ಕೂತಿದ್ದೇನೆ. ಮೇಷ್ಟ್ರು ಓದುತ್ತಾರೆ. ಪ್ರಿನ್ಸಿಪಾಲರು ಓದುತ್ತಾರೆ. ಸ್ಟಾಫ್ ರೂಮಿನಲ್ಲಿ ಒಬ್ಬರಿಗೊಬ್ಬರು ತೋರಿಸುತ್ತಾರೆ. ಬೇರೆ ಪಾಠ ಓದದವರೂ ಮೊದಲ ಪುಟ ಓದಿಯೇ ಓದುತ್ತಾರೆ, ಚಂದನಳ ಹಾಗೆ.

ಕಡೆಗೂ ಟೈಪು ಮಾಡಿದೆ. ಅವರ ಮೆಸೇಜು ಪೂರ್ತಿ. ನನ್ನ ಉತ್ತರ: 'ಪುಸ್ತಕದಲ್ಲಿರುವ ಹಾಗೆ ಒಂದಕ್ಷರ ಬಿಡದೆ ಬರೆಯಿರಿ. ಮೊದಲು ಹೇಳಿದ್ದನ್ನು ಮಾಡುವುದು ಕಲಿಯಿರಿ.' ಕೆಳಗೆ, ಓದುಗರು ಹೇಳಿದ್ದು ಸರಿ, ಲೇಖಕ ನೋಡಲಿಲ್ಲ ಎಂದು ಒಂದು ಸಾಲು. ಎಂಟನೇ ಪಾಠದ ಪಟ್ಟಿಯನ್ನೂ ಹನ್ನೆರಡು ಹೆಸರಿಗೆ ಬೆಳೆಸಿದೆ, ಹೆಸರಿನ ಪಕ್ಕ ನಂಬರು ಕಾಣುವ ಹಾಗೆ ಮಾಡಿದೆ. ಸ್ವಾಮಿ ಪುಟ ನೋಡಿ, "ಇದು ಮೆಚ್ಚುಗೆ ಅಲ್ವಲ್ಲ ಸಾರ್, ತಲೆಬರಹ ತೆಗೆದುಬಿಡ್ಲಾ?" ಎಂದರು. ತೆಗೆಯಿರಿ ಎಂದೆ.

ಏಪ್ರಿಲ್ 20, ಶನಿವಾರ

ಅಚ್ಚಿಗೆ ಹೋಗುವ ಮೊದಲು ಆ ಪುಟದ ಫೋಟೋ ತೆಗೆದು ಶಾಲಿನಿಯವರಿಗೆ ಕಳಿಸಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಉತ್ತರ ಬಂತು.

'ನೋಡಿದೆ ಸರ್. ದೊಡ್ಡಪ್ಪನಿಗೂ ಓದಿ ಹೇಳಿದೆ. ನಿಮ್ಮ ಉತ್ತರದಲ್ಲಿ ಕೊನೇ ಸಾಲು ಬಿಟ್ಟುಹೋಗಿದೆ ಸರ್.'

ಬಿಟ್ಟುಹೋಗಿರಲಿಲ್ಲ. ನಾನೇ ಬಿಟ್ಟಿದ್ದೆ. ಬುಧವಾರ ಟೈಪು ಮಾಡುವಾಗ ಬಿಟ್ಟೆ, ಇಲ್ಲಿ ಡೈರಿಯಲ್ಲಿ ಬರೆಯುವಾಗಲೂ ಅದನ್ನು ಹೇಳದೆ ಬಿಟ್ಟೆ.

ಕೈ ತೊಳೆದು ಎದ್ದೆ. ಮುದ್ದೆ ಆರುತ್ತದೆ ಎಂದು ನಯನ ಕೂಗಿದಳು. ಸ್ವಾಮಿಗೆ ಫೋನ್ ಮಾಡಿ ಪುಟ ತಡೆಹಿಡಿಯಲು ಹೇಳಿದೆ. ಸೇರಿಸಬೇಕಾದ ಸಾಲನ್ನು ಅವರು ಬರೆದುಕೊಳ್ಳುತ್ತೇನೆ, ನಿಧಾನವಾಗಿ ಹೇಳಿ ಎಂದರು. ಒಂದೊಂದೇ ಪದ ಬಿಡಿಸಿ ಹೇಳಿದೆ: ಸ್ವಂತ, ತಲೆ, ಓಡಿಸುವುದಕ್ಕೆ, ನಿಮಗೆ, ಇನ್ನೂ, ಸಮಯವಿದೆ. "ಇದು ನೀವ್ ಬರ್ದಿದ್ದಾ ಸಾರ್?" ಎಂದರು. ಹೌದು ಎಂದೆ.

ಆಮೇಲೆ ಶಾಲಿನಿಯವರಿಗೆ ಬರೆದೆ: 'ನೋಡಿದೆ. ತಪ್ಪು ನಂದೇ. ಸೇರಿಸಿದ್ದೇನೆ.'